ಎಡಸುತ್ತು

ಬೇಗೂರಿನ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದ ಶಿವರಾಮುವಿಗೆ ಊರವರ ಗಾಡಿಗಳನ್ನು ಹೇಳಿದ ದಿನಕ್ಕೆ ಕೊಟ್ಟು ಅಭ್ಯಾಸವಿರಲಿಲ್ಲ. ಕೇಳಿದರೆ ನಾಳೆ ಎನ್ನುತ್ತಿದ್ದ, ಎನ್ನುತ್ತಲೇ ತನ್ನ ಹಳೇ ಎಸ್ಟೀಮ್ ಕಾರಿನ ಕೆಳಗೆ ನುಸುಳುತ್ತಿದ್ದ. ಹಿಂದಿನ ಸೀಟು ಕಿತ್ತು ಕಾರನ್ನು ಹಗುರ ಮಾಡಿದ್ದ, ಸ್ಪ್ರಿಂಗು ಬದಲಿಸಿ ನೆಲಕ್ಕೆ ಇಳಿಸಿದ್ದ, ಸೈಲೆನ್ಸರಿಗೆ ಹೊಸ ಗಂಟಲು ಕೊಟ್ಟಿದ್ದ. ಅಷ್ಟೆಲ್ಲ ಮಾಡಿದ ಮೇಲೆ ಆ ಕಾರು ಊರಿನ ಒಂದು ರಸ್ತೆ ಉಬ್ಬನ್ನೂ ಹೊಟ್ಟೆ ಉಜ್ಜದೆ ದಾಟುತ್ತಿರಲಿಲ್ಲ. ಅಷ್ಟು ವೇಗದ ಕಾರು ಅಷ್ಟು ನಿಧಾನವಾಗಿ ಹೋಗುವುದನ್ನು ನೋಡಲು ಜನ ಟೀ ಲೋಟ ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು.

ಹೆಂಡತಿ ಭವ್ಯ ಬಸುರಿಯಾದ ಮೇಲೆ ಶಿವರಾಮುವಿಗೂ ಬುದ್ಧಿ ಬಂತು. ದುಡಿಯುವ ಗೂಡ್ಸ್ ಆಟೋ ಒಂದನ್ನು ತರುವುದೆಂದಾಯಿತು, ಕಾರನ್ನು ಸುಲ್ತಾನ್ ಬತ್ತೇರಿಯ ಒಬ್ಬರಿಗೆ ಮಾರಲು ಮಾತಾಡಿದ್ದೂ ಆಯಿತು. ಸೋಮವಾರ ಬೆಳಗ್ಗೆ ಬಂದು ಒಯ್ಯುತ್ತೇವೆ ಎಂದಿದ್ದರು. ಅದರ ಹಿಂದಿನ ಭಾನುವಾರ ಕೊಯಮತ್ತೂರಿನ ಕಡೆ ರೇಸ್ ಟ್ರ್ಯಾಕ್ ಒಂದರಲ್ಲಿ ಸಾಮಾನ್ಯ ಜನ ತಮ್ಮ ಕಾರುಗಳನ್ನು ಓಡಿಸಬಹುದಿತ್ತು. ಚಾಮರಾಜನಗರದ ಗೆಳೆಯ ಸಿದ್ದಾರ್ಥ ತನ್ನ ಹೆಸರಿನ ಜೊತೆ ಇವನದನ್ನೂ ಬರೆಸಿದ್ದ. ಶಿವರಾಮುವಿನ ಪಾಲಿಗೆ ಇದ್ದದ್ದು ಆ ಒಂದೇ ದಿನ.

ತಾಯಿ ಚಿಕ್ಕನಿಂಗಮ್ಮ ಹುರುಳಿ ಕೇರುತ್ತ ವಿಚಾರಣೆ ಶುರು ಮಾಡಿದಳು.

"ಅಲ್ಲಿಗಂಟ ಓಗಿ ಏನ್ಲಾ ಮಾಡೀಯೆ?"

"ಸುತ್ತದು ಕಣವ್ವ."

"ಸುತ್ತಿ ಎಲ್ಗೋದೀಯೆ?"

"ಎಲ್ಗೂ ಇಲ್ಲ. ವೊಂಟ ಜಾಗಕ್ಕೇ ಬರದು."

ಚಿಕ್ಕನಿಂಗಮ್ಮ ಮೊರ ಕೆಳಗಿಟ್ಟಳು. "ಯಾವ ಕಡೆಗೆ? ದೇವ್ರ ಸುತ್ತದು ಬಲಕ್ಕೆ. ಎಡಕ್ಕೆ ಸುತ್ತದು ಸತ್ತೋರ್ ಮನೇಲಿ. ಬಸುರೀನ ಮನೇಲಿ ಮಡೀಕಂಡು ನೀ ಎಡಕ್ಕೆ ಸುತ್ತಿದ್ರೆ ನಾ ಸುಮ್ಕಿರಕಿಲ್ಲ. ನನ್ ತಲೆ ಮ್ಯಾಲೆ ಕೈ ಮಡುಗಿ ಮಾದಪ್ಪನಾಣೆ ಅನ್ನು."

ಶಿವರಾಮು ಆ ಟ್ರ್ಯಾಕಿನ ವಿಡಿಯೋಗಳನ್ನು ಕಣ್ಣು ಕೆಂಪಾಗುವಷ್ಟು ನೋಡಿದ್ದ. ಎಲ್ಲದರಲ್ಲೂ ಕಾರುಗಳು ಬಲಕ್ಕೇ ಸುತ್ತುತ್ತಿದ್ದವು. ಇಷ್ಟಕ್ಕೇ ಮುಗಿಯಿತಲ್ಲ ಎಂದು ಖುಷಿಯಿಂದ ಕೈ ಇಟ್ಟು ಆಣೆ ಮಾಡಿದ.

ಟ್ರ್ಯಾಕಿನಲ್ಲಿ ಕಾರಿನ ತಪಾಸಣೆ ಸಲೀಸಾಗಿ ಮುಗಿಯಿತು. ಬ್ರೇಕು ನೋಡಿದವನು ಭೇಷ್ ಎಂದ. ಶಿವರಾಮು ಹೆಲ್ಮೆಟ್ಟು ಹಾಕಿ ಸೀಟಿನ ಪಟ್ಟಿ ಬಿಗಿದುಕೊಳ್ಳುವ ಹೊತ್ತಿಗೆ ಮೈಕಿನಲ್ಲಿ ಹೇಳಿದರು, ಇವತ್ತು ಎಲ್ಲರೂ ಉಲ್ಟಾ ಓಡಿಸಬೇಕು, ಸುತ್ತು ಎಡಕ್ಕೆ, ಹಳಬರಿಗೂ ಹೊಸದಾಗಿರಲಿ ಎಂದು. ಸುತ್ತಲಿದ್ದವರು ಚಪ್ಪಾಳೆ ಹೊಡೆದರು. ಶಿವರಾಮು ಪಟ್ಟಿ ಬಿಚ್ಚಿ ಇಳಿದ.

ವಿಷಯ ಕೇಳಿ ಸಿದ್ದಾರ್ಥನಿಗೆ ನಗು ತಡೆಯಲಾಗಲಿಲ್ಲ. "ನಿಮ್ಮವ್ವಂಗೆ ಬೇಗೂರಿಂದ ಕಂಡದಾ? ಕಾರ್ ಅತ್ಲಾ ಸುಮ್ಕೆ."

"ನನ್ ಮ್ಯಾಲೆ ಆಣೆ ಮಡುಗಿದ್ರೆ ಹೊಂಟೋಯ್ತಿದ್ದೆ ಕಣ್ಲಾ," ಎಂದ ಶಿವರಾಮು. "ಅವ್ವನ ತಲೆ ಮ್ಯಾಲೆ ಮಡಗ್ಬುಟ್ಟಿವ್ನಿ."

ಅವನೇನು ಅಂಥ ಭಕ್ತನಲ್ಲ. ಮಾದಪ್ಪನ ಬೆಟ್ಟಕ್ಕೆ ಹೋದರೂ ಸಾಲಿನಲ್ಲಿ ನಿಲ್ಲಲು ಬೇಸರಪಟ್ಟು ಗೋಪುರಕ್ಕೆ ಕೈ ಮುಗಿದು ಬರುವ ಜಾತಿ. ಆದರೂ ಕಾರು ಹತ್ತಲು ಕಾಲು ಬರಲಿಲ್ಲ. ದಿನವಿಡೀ ಮೋಟುಗೋಡೆಯ ಮೇಲೆ ಕೂತು, ತನ್ನದಕ್ಕಿಂತ ಡಕೋಟಾ ಕಾರುಗಳು ಎಡಕ್ಕೆ ಸುತ್ತುವುದನ್ನು ನೋಡಿದ. ಹೊಟ್ಟೆ ಉರಿಯಿತು. ಅವ್ವನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದಿದ್ದಕ್ಕೆ ನಾಚಿಕೆಯೂ ಆಯಿತು.

ಸೋಮವಾರ ಬೆಳಗ್ಗೆ ಚಿಕ್ಕನಿಂಗಮ್ಮ ಕಾಫಿ ತಂದು ಕೊಟ್ಟಳು. "ಬಲಕ್ಕೇ ಸುತ್ದ್ಯಾ, ಮಗ?"

"ಎಡಕ್ಕೆ ಸುತ್ಸಿದ್ರು. ನಾ ಸುತ್ನಿಲ್ಲ."

"ಒಂದ್ ಸುತ್ತೂವಾ?"

"ಇಲ್ಲ."

ಅವಳು ಅಂಗಳದಲ್ಲಿ ನಿಂತಿದ್ದ ಕಾರನ್ನು ನೋಡಿದಳು. ಮಗನ ಮುಖ ನೋಡುವುದು ಅವಳಿಂದಾಗಲಿಲ್ಲ. "ನಿಮ್ಮಪ್ಪ ಕಣದಲ್ಲಿ ಎತ್ತುಗಳ ಎಡಕ್ಕೇ ಸುತ್ತುಸ್ತಿದ್ದ," ಎಂದಳು. "ಯಾರ್ಗೇನಾಗದು? ನೀ ಓಗದು ಬ್ಯಾಡ ಅಂತ ಏನೋ ಒಂದ್ ಯೋಳ್ದೆ ಕಣ್ಲಾ. ಭಯ ಆಗಿತ್ತು ನಂಗೆ. ನೀ ಅಲ್ಲಿಗಂಟ ಓಗಿಯೂ ನನ್ ಮಾತ ಇಟ್ಕಂಡು ಕೂತೀಯೆ ಅಂತ ನಾನೇನ್ ಕಂಡಿದ್ದೆ?"

ಶಿವರಾಮು ಲೋಟ ಕೆಳಗಿಟ್ಟ. ಚಿಕ್ಕನಿಂಗಮ್ಮ ಅವನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು, ತಾನೇ ತೆಗೆದಳು. "ತಕ, ಆಣೆ ತಗದ್ಬುಟ್ಟೆ. ಏಳು."

ಹಿತ್ತಲಿನ ಹೊಲ ಕುಯ್ಲಾಗಿ ಬರಿದಾಗಿತ್ತು. ಬದು ದಾಟುವಾಗ ಕಾರು ಎಂದಿನಂತೆ ಹೊಟ್ಟೆ ಉಜ್ಜಿಕೊಂಡಿತು. ಮುಂದಿನ ಸೀಟಿನಲ್ಲಿ ಚಿಕ್ಕನಿಂಗಮ್ಮ, ಎರಡು ಹೆಗಲ ಮೇಲೂ ಪಟ್ಟಿ. ಕಾರು ಎಡಕ್ಕೆ ತಿರುಗಿತು. ಎರಡನೇ ಸುತ್ತಿಗೆ ಧೂಳು ಮನೆಯಷ್ಟೆತ್ತರ ಎದ್ದಿತು, ಅವಳ ಸೆರಗು ಜಾರಿತು, ಬಾಗಿಲಲ್ಲಿ ನಿಂತ ಭವ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಬತ್ತೇರಿಯ ಇಬ್ಬರು ಬಂದು ಬದುವಿನ ಮೇಲೆ ನಿಂತಿದ್ದು ಶಿವರಾಮುವಿಗೆ ಕಂಡಿತು. ಕಾಲು ಬ್ರೇಕಿನತ್ತ ಹೋಯಿತು.

"ಅವ್ರು ನಿಂತಿರ್ಲಿ ಬುಡು," ಎಂದಳು ಚಿಕ್ಕನಿಂಗಮ್ಮ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ. "ಇನ್ನೊಂದ್ ಸುತ್ತು ಸುತ್ತನ."