ಸಂಪಿಗೊಂದು ಆಮೆ

ಪಿಳ್ಳಮ್ಮ ಮನೆಯ ನೀರು ಕುಡಿಯುವುದನ್ನು ಬಿಟ್ಟು ಅಂದಿಗೆ ಒಂಬತ್ತು ದಿನ. ಗುಡಿಯ ನಲ್ಲಿಯಿಂದ ಒಂದು ತಂಬಿಗೆ ತಂದುಕೊಂಡು ಅದರಲ್ಲೇ ದಿನ ಕಳೆಯುತ್ತಿದ್ದಳು.

ಪೀಣ್ಯದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ ಅದು. ರಾಜಗೋಪಾಲನಗರದ ಈಶ್ವರನ ಗುಡಿಯಲ್ಲಿ ಶ್ರಾವಣದ ಪುರಾಣ ನಡೆದಿತ್ತು. ಸಮುದ್ರ ಕಡೆಯುವಾಗ ಬೆಟ್ಟ ಮುಳುಗದಂತೆ ಸ್ವಾಮಿಯೇ ಆಮೆಯಾಗಿ ಬೆನ್ನು ಕೊಟ್ಟ ಭಾಗವನ್ನು ಕೇಳಿ ಬಂದವಳು, ಹೊಸಿಲ ಮೇಲೆ ಕೂತು ಮಗನನ್ನು ಕೇಳಿದ್ದಳು.

"ಸೊಣ್ಣಪ್ಪಾ, ನಮ್ಮ ಬಾವಿ ಆಮೆ ಏನಾಯ್ತು?"

"ಎಷ್ಟು ಸಲ ಏಳ್ಲವ್ವಾ? ಮುಚ್ಚೋಕೆ ಮುಂಚೆನೇ ಎದ್ದು ಕೆರೆ ಕಡೆ ಓಯ್ತು."

ನೀರು ಚೊಕ್ಕವಾಗಿರಲೆಂದು ಪಿಳ್ಳಮ್ಮನ ಮಾವ ಬಾವಿಗೆ ಬಿಟ್ಟಿದ್ದ ಆಮೆ. ಆ ಬಾವಿಗೆ ಮಣ್ಣು ಹೊಡೆಸಿ ಸೊಣ್ಣಪ್ಪ ಅದರ ಮೇಲೆ ಬಾಡಿಗೆಗೆ ಆರು ರೂಮು ಕಟ್ಟಿಸಿದ್ದ. ಈಗ ಎಲ್ಲರಿಗೂ ಅಂಗಳದಲ್ಲಿ ನೆಲದಡಿಯ ಸಂಪಿನ ನೀರು.

"ಸಂಪಿಗೆ ಒಂದು ಆಮೆ ಬೀಳೋಗಂಟ ಈ ಮನೆ ನೀರು ನಂಗೆ ಬ್ಯಾಡ" ಎಂದುಬಿಟ್ಟಳು.

ಒಂಬತ್ತನೆಯ ದಿನ ಭಾನುವಾರ. ಸೊಣ್ಣಪ್ಪ ಪೇಟೆಗೆ ಹೋಗಿ ಬೂಟಿನ ಡಬ್ಬವೊಂದನ್ನು ಹಿಡಿದು ಬಂದ.

"ಅಂಗಡಿಯವ್ನು ಎರಡು ಆಮೆ ತೋರಿಸ್ದ ಕಣವ್ವಾ. ಒಂದಕ್ಕೆ ಕಿವಿ ತಾವ ಕೆಂಪು ಪಟ್ಟೆ, ಫಾರಿನ್‌ದಂತೆ. ನಮ್ಮ ಹವಾಕ್ಕೆ ಯಾವ್ದಪ್ಪಾ ಒಗ್ಗೋದು ಅಂದೆ. ಇದು ಈ ಕಡೆದೇ ಸಾರ್, ಕಣ್ಮುಚ್ಕೊಂಡು ತಗೊಂಡೋಗಿ ಅಂದ."

ಅಂಗೈಯಗಲದ ಆಮೆ. ಉಬ್ಬುಬ್ಬಾದ ಕಪ್ಪು ಚಿಪ್ಪಿನ ತುಂಬ ಹಳದಿ ಗೆರೆಗಳು ಚುಕ್ಕಿಯಂತೆ ಹರಡಿದ್ದವು. ಪಿಳ್ಳಮ್ಮ ಕೈಮುಗಿದಳು. "ಬೆನ್ನ ಮ್ಯಾಲೆ ರಂಗೋಲಿ ಬರ್ಕೊಂಡೇ ಬಂದೈತೆ. ಬಿಡಪ್ಪಾ, ಬಿಡು."

ಸೊಣ್ಣಪ್ಪ ಸಂಪಿನ ಮುಚ್ಚಳ ಎಳೆದ. ಅಷ್ಟರಲ್ಲಿ ಮೂರನೇ ರೂಮಿನ ಭೀಮಪ್ಪ ಬಕೆಟ್ ಹಿಡಿದು ಬಂದ. ಬಾಗಲಕೋಟೆ ಕಡೆಯವನು, ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ.

"ತಡೀರಿ ಅಣ್ಣಾರ! ಏನ್ ಮಾಡಾಕತ್ತೀರಿ? ಇದು ಹೊಲದ ಆಮಿರಿ. ಈಸಾಕ ಬರೂದಿಲ್ಲ, ಮುಳುಗಿ ಸಾಯತೈತಿ."

"ಆಮೆಗೆ ಈಜು ಬರಲ್ವಾ? ನಾಳೆ ಬಾತುಕೋಳಿಗೂ ಬರಲ್ಲ ಅನ್ನು!" ಸೊಣ್ಣಪ್ಪ ನಕ್ಕ.

ಭೀಮಪ್ಪ ನಗಲಿಲ್ಲ. ಆಮೆಯನ್ನು ಎತ್ತಿ ಕಾಲು ತೋರಿಸಿದ. "ಆನಿ ಕಾಲ ಇದ್ದಂಗ ಅದಾವ ನೋಡ್ರಿ. ನೀರಾಮಿಗೆ ಬೆರಳ ನಡುವ ತೊಗಲ ಇರತೈತಿ. ಇದಕ್ಕ ಒಣನೆಲ ಬೇಕು, ಬಿಸಲ ಬೇಕು, ಹುಲ್ಲ ಬೇಕು. ಮನ್ಯಾಗೂ ಇಟ್ಕೊಳ್ಳೂ ಹಂಗಿಲ್ಲ. ನಮ್ಮೂರಾಗ ಇಟ್ಕೊಂಡಾವನ ಮನಿಗೆ ಫಾರೆಸ್ಟ್‌ನವರು ಬಂದಿದ್ರು."

ಹವಾಕ್ಕೆ ಒಗ್ಗುವುದನ್ನಷ್ಟೇ ಕೇಳಿದ್ದ ಸೊಣ್ಣಪ್ಪ, ನೀರಿಗೆ ಬಿಡುತ್ತೇನೆಂದು ಅಂಗಡಿಯವನಿಗೆ ಹೇಳಿರಲಿಲ್ಲ. "ಅಂಗಾದ್ರೆ ಕೆಂಪು ಕಿವಿದೇ ತತ್ತೀನಿ" ಎಂದ.

ಭೀಮಪ್ಪ ಸಂಪಿನೊಳಗೆ ಇಣುಕಿದ. "ನೀರಾಮಿನೂ ಮ್ಯಾಲ ಹತ್ತಿ ಬಿಸಲ ಕಾಯಬೇಕ್ರಿ. ಇಲ್ಲಿ ನಾಕೂ ಕಡೆ ಸಿಮೆಂಟು, ಮ್ಯಾಲ ಮುಚ್ಚಳ. ಎಲ್ಲಿ ಹತ್ತತೈತಿ?"

ಪಿಳ್ಳಮ್ಮ ಮೆಲ್ಲಗೆ ಅಂದಳು:

"ಔದು. ನಮ್ದೂ ಬಿಸಿಲಿಗೆ ನೀರ ಪಕ್ಕದ ಕಲ್ಲಿಗೆ ಬತ್ತಿತ್ತು. ಆ ಕಲ್ಲಿಂದ ಮ್ಯಾಕೆ ಬಂದಿದ್ದು ನಾನೊಂದು ದಿನಾನೂ ಕಾಣೆ. ಮೂರಾಳುದ್ದ ಗೋಡೆ ಅತ್ತಿ ಕೆರೆಗೆ ಎಂಗೋಯ್ತಪ್ಪಾ?"

ಸೊಣ್ಣಪ್ಪ ಭೀಮಪ್ಪನ ಕೈಯಿಂದ ಆಮೆಯನ್ನು ಇಸಿದುಕೊಂಡು ಡಬ್ಬದಲ್ಲಿಟ್ಟ.

"ಅದು ಓಗಿದ್ದು ನಾನು ನೋಡ್ಲಿಲ್ಲ ಕಣವ್ವಾ. ಲಾರಿಯವ್ನು ಮಣ್ಣು ಸುರೀಲಾ ಅಂದ. ಸುರಿ ಅಂದೆ. ಬಗ್ಗಿ ನೋಡ್ಲಿಲ್ಲ."

ಪಿಳ್ಳಮ್ಮ ಆರು ರೂಮುಗಳ ಕಡೆ ತಿರುಗಿದಳು. ಒಂದರ ಮುಂದೆ ಬಟ್ಟೆ ಒಣಗುತ್ತಿತ್ತು, ಇನ್ನೊಂದರಲ್ಲಿ ಕುಕ್ಕರ್ ಕೂಗಿತು. ಕಷ್ಟಪಟ್ಟು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಅಂಗಾದ್ರೆ ಇಷ್ಟು ದಿನವೂ ಬೆನ್ನು ಕೊಟ್ಕೊಂಡಿರೋದು ಅದೇ. ಈ ಮನೆಗೆ ಇನ್ನೊಂದು ಆಮೆ ಯಾಕೆ? ಇದನ್ನ ನಾಳೆ ಫಾರೆಸ್ಟ್‌ನೋರಿಗೆ ಕೊಟ್ಟು ಬಾ. ಎಲ್ಲಿ ಬಿಡ್ತೀರಾ ಅಂತ ಕೇಳು."

"ಊಂ."

"ಭೀಮಪ್ಪಾ, ಒಂದು ತಂಬಿಗೆ ನೀರು ಸೇದ್ಕೊಡು."

ಅಲ್ಲೇ ನಿಂತು ಕುಡಿದಳು. ಸೊಣ್ಣಪ್ಪ ಮುಚ್ಚಳ ಹಾಕುವ ಮೊದಲು ಒಳಗೆ ಒಮ್ಮೆ ಬಗ್ಗಿ ನೋಡಿದ.