ಸೀಟಿನ ಕೆಳಗಿನ ಕಿಡಿ

ಹಂಪಾಪುರದ ಗೌರೀಶನಿಗೆ ತನ್ನ ಓಮ್ನಿಯ ವಿಷಯದಲ್ಲಿ ಯಾರ ಮಾತೂ ಕಿವಿಗೆ ಹೋಗುತ್ತಿರಲಿಲ್ಲ. ಗಾಡಿ ಹಳೆಯದು, ಬಾಗಿಲು ಎಳೆದರೆ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಆದರೂ ಅದರ ಬಗ್ಗೆ ಇನ್ನೊಬ್ಬರು ಬಾಯಿ ಬಿಟ್ಟರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಅಂಥವನ ಗಾಡಿ ಕೈಕೊಡುವುದಾದರೆ ಊರ ಮುಂದೆ ಕೈಕೊಡಬಹುದಿತ್ತು. ಅದು ಕೈಕೊಟ್ಟದ್ದು ಡಿ.ಬಿ. ಕುಪ್ಪೆಯಿಂದ ವಾಪಸು ಬರುವ ಕಾಡಿನ ರಸ್ತೆಯಲ್ಲಿ, ಸಂಜೆ ಅರಣ್ಯ ಇಲಾಖೆಯವರು ಗೇಟು ಹಾಕುವ ಹೊತ್ತಿಗೆ.

ಹೋಗಿದ್ದು ನೆಂಟರ ಮನೆಯ ನಾಮಕರಣಕ್ಕೆ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಹರಟುತ್ತಾ ಕೂತು ತಡ ಮಾಡಿದ್ದೂ ಗೌರೀಶನೇ. ಆರು ಗಂಟೆಗೆ ಉದ್ಬೂರು ಗೇಟು ಬಿದ್ದರೆ ಬೆಳಗಾಗುವವರೆಗೆ ಆ ರಸ್ತೆಯಲ್ಲಿ ಗಾಡಿಗಳ ಸುಳಿವಿರುವುದಿಲ್ಲ, ಫೋನಿಗೆ ಸಿಗ್ನಲ್ ಮೊದಲೇ ಇಲ್ಲ. ಪಕ್ಕದ ಸೀಟಿನಲ್ಲಿ ಅವನ ತಾಯಿ ಸುಂದ್ರಮ್ಮ ಇದ್ದಳು. ಹಿಂದಿನ ಸೀಟಿನಲ್ಲಿ ಮಗಳು ಪುಟ್ಟಿ ಅಂಗಾತ ಮಲಗಿ ನಿದ್ದೆ ಹೋಗಿದ್ದಳು.

ಇಂಜಿನ್ನು ಬೆಳಿಗ್ಗೆಯೇ ಮಿಸ್ ಹೊಡೆದು ಮುಗ್ಗರಿಸುತ್ತಿತ್ತು. ಹೋದ ತಿಂಗಳು ಹೊಸ ಸ್ಪಾರ್ಕ್ ಪ್ಲಗ್ಗು ಹಾಕಿಕೊಟ್ಟಿದ್ದ ಮೆಕ್ಯಾನಿಕ್ ಯತೀಶನಿಗೆ ಗೌರೀಶ ಫೋನು ಮಾಡಿ, ಡೂಪ್ಲಿಕೇಟ್ ಮಾಲು ಹಾಕಿ ಟೋಪಿ ಹಾಕಿದ್ದೀಯ ಎಂದು ಬಾಯಿಗೆ ಬಂದಂತೆ ಬೈದಿದ್ದ.

"ಪ್ಲಗ್ ಚೆನ್ನಾಗವೆ ಕಣಣ್ಣ. ವೈರ್ ನೋಡು. ಎಲ್ಲೋ ಕರೆಂಟು ಸೋರ್ತಾ ಅದೆ," ಎಂದಿದ್ದ ಯತೀಶ. "ಇಂಜಿನ್ ಓಡುಸ್ಕಂಡು ಕತ್ಲಲ್ಲಿ ನೋಡು, ಕಿಡಿ ಕಾಣ್ತದೆ."

ಗೌರೀಶ ಅಷ್ಟಕ್ಕೇ ಫೋನು ಕಟ್ ಮಾಡಿದ್ದ. ಪ್ಲಗ್ಗುಗಳನ್ನು ಬಿಚ್ಚಿ, ಮರಳು ಕಾಗದದಲ್ಲಿ ತಿಕ್ಕಿ ಮತ್ತೆ ಕೂರಿಸಿದ್ದ. ವೈರಿನ ತುದಿಯ ರಬ್ಬರು ಟೋಪಿ ಎಳೆದಾಗ ಕೈಗೆ ಕರಿಯ ಲೇಪ ಅಂಟಿತ್ತು. ಎಣ್ಣೆ ಕೊಳೆ ಎಂದುಕೊಂಡು ಪ್ಯಾಂಟಿಗೆ ಒರೆಸಿಕೊಂಡಿದ್ದ.

ಈಗ, ಮಧ್ಯಾಹ್ನದ ಮಳೆಗೆ ನೀರು ನಿಂತಿದ್ದ ಒಂದು ತಗ್ಗಿಗೆ ಗಾಡಿ ಇಳಿದದ್ದೇ ತಡ, ಕೆಳಗಿನಿಂದ ನೀರು ರಪ್ಪನೆ ಹೊಡೆಯಿತು. ಗಾಡಿ ಕುಂಟತೊಡಗಿತು. ಸೈಲೆನ್ಸರಿನಿಂದ ಢಬ್ ಢಬ್ ಎಂದು ಸದ್ದು ಬಂತು. ತಿರುವಿನ ಏರಿನಲ್ಲಿ ಒಮ್ಮೆ ಮೈ ಕೊಡವಿ ನಿಂತೇಬಿಟ್ಟಿತು.

"ಇಳಿಬ್ಯಾಡ ಕಣ್ಲಾ," ಎಂದಳು ಸುಂದ್ರಮ್ಮ, ಮೆಲ್ಲಗೆ.

ಅವಳು ನೋಡುತ್ತಿದ್ದ ಕಡೆಗೆ ಗೌರೀಶನೂ ನೋಡಿದ. ಎಡಗಡೆ ಲಂಟಾನ ಪೊದೆಯ ಆಚೆ ಆನೆಯೊಂದು ನಿಂತಿತ್ತು. ಹೆಣ್ಣಾನೆ. ಅದರ ಕಾಲುಗಳ ಸಂದಿಯಲ್ಲಿ ಮರಿ. ಮರಿ ಇರುವ ಆನೆ ಎಂದರೆ ಏನೆಂದು ಕಾಡಂಚಿನ ಕೋಟೆ ತಾಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೆಲ್ಫ್ ಹೊಡೆದ. ಇಂಜಿನ್ನು ಹೇಗೋ ಹತ್ತಿಕೊಂಡಿತು, ಆದರೆ ಗಾಡಿಯೆಲ್ಲಾ ಚಳಿಜ್ವರ ಬಂದವರಂತೆ ನಡುಗಿತು. ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ ಮುಂದಕ್ಕೆ ಹೋಗುವ ಶಕ್ತಿಯೇ ಅದಕ್ಕಿಲ್ಲ. ಸೈಲೆನ್ಸರು ಇನ್ನೊಮ್ಮೆ ಢಬ್ಬೆಂದಿತು. ಆನೆಯ ಕಿವಿಗಳು ಅಗಲವಾಗಿ ನಿಂತವು. ಅದು ಪೊದೆ ತುಳಿದುಕೊಂಡು ರಸ್ತೆಯ ಅಂಚಿಗೆ ಬಂತು.

ಓಮ್ನಿಯ ಒಂದು ಗುಣವೆಂದರೆ ಇಂಜಿನ್ನು ಮುಂದಿನ ಸೀಟುಗಳ ಕೆಳಗೇ ಇರುವುದು. ಬೇಸಿಗೆಯಲ್ಲಿ ಕೂತವರ ತೊಡೆ ಬೇಯುತ್ತದೆ. ಇವತ್ತು ಮಾತ್ರ ಹಾಗಿದ್ದದ್ದೇ ಪುಣ್ಯವಾಯಿತು.

"ಅವ್ವ, ಹಿಂದುಕ್ ಹೋಗು. ನಿನ್ ಸೀಟು ಎತ್ಬೇಕು."

ಸುಂದ್ರಮ್ಮ ಸೀರೆ ಒಟ್ಟುಮಾಡಿಕೊಂಡು ಹಿಂದಕ್ಕೆ ದಾಟಿದಳು. ಅಷ್ಟು ವಯಸ್ಸಿನವಳು ಅಷ್ಟು ಚುರುಕಾಗಿ ದಾಟಿದ್ದು ಹೆದರಿಕೆಗೇ. ಗೌರೀಶ ಸೀಟು ಮಗುಚಿದ. ಪೆಟ್ರೋಲಿನ ವಾಸನೆ ಮುಖಕ್ಕೆ ಹೊಡೆಯಿತು. ಮೂರು ಪ್ಲಗ್ಗು, ಮೂರು ವೈರು. ಇಂಜಿನ್ನು ಓಡುತ್ತಿದ್ದಂತೆಯೇ ಕೈಗೆ ಬಟ್ಟೆ ಸುತ್ತಿಕೊಂಡು ಒಂದನೇ ವೈರು ಕಿತ್ತ. ಚೆನ್ನಾಗಿರುವ ಪ್ಲಗ್ಗಿನ ವೈರು ಕಿತ್ತರೆ ಇಂಜಿನ್ನಿನ ಸದ್ದು ಕುಸಿಯಬೇಕು. ಇದಕ್ಕೆ ಏನೂ ವ್ಯತ್ಯಾಸವಾಗಲಿಲ್ಲ, ಅಂದರೆ ಅಲ್ಲಿ ಬೆಂಕಿಯೇ ಇಲ್ಲ. ಅದನ್ನು ಸಿಕ್ಕಿಸಿ ಎರಡನೆಯದು ಕಿತ್ತ. ಅದೂ ಅಷ್ಟೇ. ಮೂರನೆಯದನ್ನು ಎಳೆದಾಗ ಮಾತ್ರ ಇಂಜಿನ್ನು ಕೊನೆಯುಸಿರು ಬಿಡುವಂತಾಯಿತು, ಗಾಬರಿಯಲ್ಲಿ ಮತ್ತೆ ಒತ್ತಿದ.

ಬೆಳಿಗ್ಗೆ ತಾನೇ ತಿಕ್ಕಿದ ಪ್ಲಗ್ಗುಗಳು ಎರಡೆರಡು ಒಟ್ಟಿಗೇ ಸಾಯುವುದುಂಟೇ? ಆಗ ಯತೀಶ ಹೇಳಿದ್ದು ನೆನಪಾಯಿತು. ಬೈಸಿಕೊಂಡೂ ದಾರಿ ಹೇಳಿದ್ದನಲ್ಲ ಎಂದು ಗೌರೀಶನಿಗೆ ನಾಚಿಕೆಯಾಯಿತು. ನಾಚಿಕೆಪಡುತ್ತಾ ಕೂರಲು ಹೊತ್ತಿರಲಿಲ್ಲ.

"ಅವ್ವ, ನಿನ್ ಶಾಲು ಕೊಡು. ಕತ್ಲೆ ಆಗ್ಬೇಕು."

ಸುಂದ್ರಮ್ಮ ಶಾಲನ್ನು ಬಿಚ್ಚಿ ಇಂಜಿನ್ನಿನ ಮೇಲೆ ಹಿಡಿದಳು. ತಾಯಿ ಮಗ ಇಬ್ಬರೂ ಅದರೊಳಗೆ ತಲೆ ತೂರಿಸಿದರು. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು. ಒಂದನೇ ವೈರಿನ ರಬ್ಬರು ಟೋಪಿಯ ಸುತ್ತ ನೀಲಿ ಕಿಡಿಯೊಂದು ಟಿಕ್ ಟಿಕ್ ಎಂದು ತೆವಳಿ ಕೆಳಗಿನ ಲೋಹಕ್ಕೆ ಹಾರುತ್ತಿತ್ತು. ಎರಡನೆಯದರಲ್ಲೂ ಹಾಗೇ. ಪ್ಲಗ್ಗಿನ ಒಳಗೆ ಹೋಗಬೇಕಾದ ಬೆಂಕಿ ಹೊರಗೇ ಸೋರಿಹೋಗುತ್ತಿತ್ತು. ಕಿಡಿ ಹಾಯುತ್ತಿದ್ದ ಜಾಡಿನಲ್ಲಿ ಎಣ್ಣೆ ಸೇರಿ ಕಪ್ಪಾದ ಬೂದಿಯ ಒದ್ದೆ ಲೇಪ, ಪದರ ಪದರವಾಗಿ ಬಳಿದದ್ದು. ಅದರ ಮೇಲೆ ಮೂರು ಬೆರಳು ಎಳೆದ ಗುರುತು ಸ್ಪಷ್ಟವಾಗಿತ್ತು.

ಗೌರೀಶ ತಾಯಿಯ ಕಡೆ ತಿರುಗಿದ. ಮುಖ ಕಾಣುತ್ತಿರಲಿಲ್ಲ, ಉಸಿರು ಕೆನ್ನೆಗೆ ತಾಗುತ್ತಿತ್ತು.

"ನಂದೇ ಕಣಪ್ಪ," ಎಂದಳು ಸುಂದ್ರಮ್ಮ. "ಸ್ವಾಮಾರ ಸ್ವಾಮಾರ ನೀನು ನೀರುಯ್ಕೊಳಕ್ಕೆ ಓದಾಗ ಅಚ್ತಿದ್ದೆ."

"ಇಂಜಿನ್ನಿಗೆ ಯಾಕವ್ವ ವಿಭೂತಿ? ಮುಂದ್ಗಡೆ ಗಾಜಿನ್ ಮೇಲೆ ಹಚ್ಚಿದ್ರೆ ಆಗ್ತಿರಲಿಲ್ವಾ?"

"ನಿನ್ ಹಣೆಗೆ ಅಚ್ಚುದ್ರೆ ಬೀದಿ ತಿರುಗೋಕ್ ಮುಂಚೆ ಒರುಸ್ಕತೀಯ. ಗಾಜು ಒರುಸ್ತೀಯ. ಓದ್ ವರ್ಸ ಸಾಲಿಗ್ರಾಮದ್ ತಾವ ಗಾಡಿ ನಾಲೆಗಿಳುಸ್ದಾಗ್ಲಿಂದ ನನ್ಗೆ ನಿದ್ದೆ ಇಲ್ಲ. ಸೀಟಿನ್ ಕೆಳ್ಗೆ ಯಾರೂ ಒರ್ಸಲ್ಲ ಅಂತ ಅಲ್ಗೆ ಅಚ್ದೆ."

ಒಣಗಿದ್ದಾಗ ಆ ಬೂದಿಯಿಂದ ಏನೂ ತೊಂದರೆ ಇರಲಿಲ್ಲ. ಮಳೆಗಾಲದ ತೇವಕ್ಕೆ ಕರೆಂಟು ಹಾಯತೊಡಗಿ, ಇವತ್ತಿನ ನೀರಿಗೆ ಪೂರ್ತಿ ಕೈಕೊಟ್ಟಿತ್ತು.

ಒರೆಸಬೇಕೆಂದರೆ ಇಂಜಿನ್ನು ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಮತ್ತೆ ಹತ್ತದಿದ್ದರೆ? ಬ್ಯಾಟರಿ ಮೊದಲೇ ಸೋತಿತ್ತು. ಶಾಲು ಸರಿಸಿ ನೋಡಿದ. ಆನೆ ರಸ್ತೆಗೆ ಇಳಿದಿತ್ತು. ಸೊಂಡಿಲೆತ್ತಿ ಗಾಡಿಯ ಕಡೆಗೇ ಗಾಳಿ ಹಿಡಿಯುತ್ತಿತ್ತು. ಇಂಜಿನ್ನು ಓಡುತ್ತಿದ್ದರೆ ಸೈಲೆನ್ಸರು ಇನ್ನೊಮ್ಮೆ ಢಬ್ಬೆನ್ನುವುದು ಖಂಡಿತ. ಗೌರೀಶ ಕೀ ತಿರುಗಿಸಿದ. ಕಾಡು ಒಮ್ಮೆಲೇ ಗಪ್ಪಾಯಿತು. ಪುಟ್ಟಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ್ದೂ ಕೇಳಿತು.

ಬಟ್ಟೆ ತೆಗೆದುಕೊಂಡವನ ಕೈ ವೈರಿನ ಹತ್ತಿರ ಹೋಗಿ ನಿಂತಿತು. ಹಣೆಯ ವಿಭೂತಿ ಒರೆಸಿಕೊಳ್ಳುವಾಗ ಒಂದು ದಿನವೂ ತಡೆಯದ ಕೈ, ಇವತ್ತು ಅವಳೆದುರಿಗೆ ತಡೆಯಿತು.

"ನೀ ಬುಡು," ಎಂದಳು ಸುಂದ್ರಮ್ಮ. ಬಗ್ಗಿ, ಸೆರಗಿನ ಒಣ ತುದಿಯಿಂದ ಒಂದೊಂದೇ ಟೋಪಿಯನ್ನು ಸುತ್ತಲೂ ಒರೆಸಿದಳು. ಪಾತ್ರೆ ಬೆಳಗುವವಳ ಕೈ ಅದು, ಒಂದು ಸಂದಿಯನ್ನೂ ಬಿಡಲಿಲ್ಲ. ಗೌರೀಶ ಟೋಪಿಗಳನ್ನು ಎಳೆದು ಒಳಗಿನ ಪಸೆ ತೆಗೆದು ಗಟ್ಟಿಯಾಗಿ ಒತ್ತಿ ಕೂರಿಸಿದ. ಸೆರಗಿಗೆ ಬಂದ ಬೂದಿಯನ್ನು ಅವಳು ಕೊಡವಲಿಲ್ಲ. ವಿಭೂತಿಯನ್ನು ನೆಲಕ್ಕೆ ಕೊಡವುವ ವಾಡಿಕೆ ಅವರ ಮನೆಯಲ್ಲಿಲ್ಲ. ಬೆರಳಿಗೆ ತೆಗೆದುಕೊಂಡು ತನ್ನ ಹಣೆಗೆ ಎಳೆದುಕೊಂಡಳು, ಮಲಗಿದ್ದ ಪುಟ್ಟಿಯ ಹಣೆಗೆ ಎಳೆದಳು, ಮಿಕ್ಕದ್ದನ್ನು ಮಗನ ಹಣೆಗೆ ಎಳೆದಳು. ಎಣ್ಣೆ ಸೇರಿದ ಕರಿ ಪಟ್ಟೆ ತಣ್ಣಗೆ ಕೂತಿತು. ಗೌರೀಶ ತಲೆ ತಗ್ಗಿಸಿಯೇ ಇದ್ದ.

ಆನೆ ಎರಡು ಹೆಜ್ಜೆ ಮುಂದೆ ಬಂತು. ಮರಿಯನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ತಲೆ ತಗ್ಗಿಸಿತು.

ಗೌರೀಶ ಕೀ ತಿರುಗಿಸಿದ. ಸೆಲ್ಫು ಸೋತ ದನಿಯಲ್ಲಿ ಕೊರಗಿತು. ಬಿಟ್ಟು, ಮನಸ್ಸಿನಲ್ಲೇ ನಂಜುಂಡನನ್ನು ನೆನೆದು ಮತ್ತೆ ತಿರುಗಿಸಿದ. ಹತ್ತಿಕೊಂಡಿತು. ಮೂರೂ ಒಟ್ಟಿಗೇ. ನಡುಕವಿಲ್ಲ, ಢಬ್ಬೆನ್ನುವ ಸದ್ದಿಲ್ಲ, ಒಂದೇ ಸಮನೆ ಗುಂಯ್‌ಗುಟ್ಟಿತು. ರಿವರ್ಸಿಗೆ ಹಾಕಿ, ಮೆಲ್ಲಗೆ, ಬಹಳ ಮೆಲ್ಲಗೆ ಹಿಂದಕ್ಕೆ ಸರಿಸಿದ. ಅಷ್ಟು ಜಾಗ ಬಿಟ್ಟುಕೊಟ್ಟ ಮೇಲೆ ಆನೆ ಸ್ವಲ್ಪ ಹೊತ್ತು ಇವರನ್ನೇ ನೋಡುತ್ತಾ ನಿಂತು, ಮರಿಯನ್ನು ಮುಂದೆ ಬಿಟ್ಟುಕೊಂಡು ರಸ್ತೆ ದಾಟಿತು.

ಉದ್ಬೂರು ಗೇಟಿನಲ್ಲಿ ಕಾವಲಿನವನು ಅಡ್ಡಗಂಬಕ್ಕೆ ಕೈ ಹಾಕಿದ್ದ. ಓಮ್ನಿ ನೋಡಿ ಗದರಲು ಬಾಯಿ ತೆರೆದವನು ಒಳಗಿದ್ದವರ ಹಣೆಯನ್ನು ಬಗ್ಗಿ ನೋಡಿದ.

"ಏನ್ರೀ ಇದು, ಮುಖಕ್ಕೆಲ್ಲಾ ಇದ್ಲು ಮೆತ್ಕೊಂಡಿದೀರಿ? ಒರುಸ್ಕೊಳ್ಳಿ," ಎಂದ.

ಗೌರೀಶ ಕನ್ನಡಿಯಲ್ಲಿ ನೋಡಿಕೊಂಡ. ಅಭ್ಯಾಸಬಲದಿಂದ ಕೈ ಹಣೆಯ ಹತ್ತಿರ ಹೋಯಿತು. ಹಿಂದಿನ ಸೀಟಿನಲ್ಲಿ ಸುಂದ್ರಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

"ಇರ್ಲಿ ಬುಡಿ ಸಾರ್," ಎಂದು ಗೌರೀಶ ಕೈ ಇಳಿಸಿ ಗೇರು ಹಾಕಿದ.