ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತದೆ ಗಾದೆ. ಗಾದೆ ಕಟ್ಟಿದ ಪುಣ್ಯಾತ್ಮ ನವಲಿಯ ಯಂಕವ್ವನ ಹಿತ್ತಲಿಗೆ ಬಂದವನಲ್ಲ. ಅಲ್ಲಿ ಗೋಡೆಗೆ ಒತ್ತಿಕೊಂಡು ಆಳೆತ್ತರದ ಕೆಂಪು ಕಣಗಿಲವಿತ್ತು, ವರ್ಷವಿಡೀ ಹಸಿರು. ಪಕ್ಕದ ಮನೆಯ ಗೌಸಬೀಯ ಆಡುಗಳು ಗೋಡೆ ಹಾರಿ ಬಂದು ನುಗ್ಗೆ ತಿಂದವು, ದಾಸವಾಳ ತಿಂದವು, ಒಣಹಾಕಿದ ಸೀರೆಯ ಸೆರಗನ್ನೂ ಬಿಡಲಿಲ್ಲ. ಕಣಗಿಲವನ್ನು ಮಾತ್ರ ಮೂಸಿ ಮುಖ ತಿರುಗಿಸಿದವು. ಅದು ವಿಷ ಅಂತ ಯಂಕವ್ವನಿಗೆ ಗೊತ್ತಿತ್ತು. ಆಡಿಗೂ ಗೊತ್ತು ಅಂದುಕೊಂಡಿದ್ದಳು.

ದಸರೆ ಮುಗಿದ ಮೇಲೆ ಟೊಂಗೆ ಸವರಿದರೆ ಗಿಡ ಮೈತುಂಬ ಹೂ ಬಿಡುತ್ತದೆ. ಪ್ರತಿ ವರ್ಷ ಸವರಿದ್ದನ್ನು ದೂರ ಒಯ್ದು ಹೂಳುತ್ತಿದ್ದಳು. ಈ ಸಲ ಮೊಣಕಾಲು ನೋವು. ಗೋಡೆಯಾಚೆ ಎಸೆದು ಒಳಗೆ ಹೋದಳು. ಮಾಡಿದ್ದು ಅಷ್ಟೇ, ನೋಡಿ. ಎರಡು ದಿನದ ಬಿಸಿಲಿಗೆ ಎಲೆ ಬಾಡಿತು. ಬಾಡಿದ ಎಲೆಯ ಕಹಿ ಇಳಿಯುತ್ತದೆ, ವಿಷ ಇಳಿಯುವುದಿಲ್ಲ.

ಮೂರನೆಯ ದಿನ ಗೌಸಬೀಯ ಗಬ್ಬದ ಆಡು ಬಿತ್ತು. ದನದ ಡಾಕ್ಟರು ಬರುವಷ್ಟರಲ್ಲಿ ಕಾಲು ಸೆಟೆದಿತ್ತು. "ಏನೋ ವಿಷದ್ದು ತಿಂದೈತಿ" ಅಂದರು. ಹೊಟ್ಟೆಯಲ್ಲಿ ಎರಡು ಮರಿ ಇದ್ದವು.

"ಹೇಮಪ್ಪಂದs ಕೆಲಸ! ನಿನ್ನೆ ಗದ್ದಿಗೆ ಹುಳದ ಎಣ್ಣಿ ಹೊಡದಾನ, ಬದುವಿನ ಹುಲ್ಲಿಗೂ ಬಿದ್ದೈತಿ" ಎಂದು ಗೌಸಬೀ ಎದೆ ಬಡಿದುಕೊಂಡಳು. ಅದೇ ಓಣಿಯ ಹೇಮಪ್ಪನನ್ನು ಚಹಾದಂಗಡಿಯ ಮುಂದೆ ನಿಲ್ಲಿಸಿ, "ನಿನ್ನ ವಂಶಾನೂ ಹೊಟ್ಟ್ಯಾಗs ಸಾಯ್ಲಿ" ಅಂದುಬಿಟ್ಟಳು. ಹೇಮಪ್ಪನ ಸೊಸೆಗೆ ಆಗ ಐದು ತಿಂಗಳು. ಅವನು ಎತ್ತಿನಾಣೆ ಹಾಕಿದ. ಯಾರೂ ನಂಬಲಿಲ್ಲ. ಮರುದಿನವೇ ಸೊಸೆಯನ್ನು ಕುಷ್ಟಗಿಯ ತವರಿಗೆ ಕಳಿಸಿ, ಗೌಸಬೀಯ ಬಾಗಿಲು ತಪ್ಪಿಸಿ ಕಾಲುವೆ ದಂಡೆ ಸುತ್ತಿ ಗದ್ದೆಗೆ ಹೋಗತೊಡಗಿದ.

ಯಂಕವ್ವ ಆ ಶಾಪವನ್ನು ಚಹಾದಂಗಡಿಯ ಮುಂದೆಯೇ ನಿಂತು ಕೇಳಿದ್ದಳು. ಮನೆಗೆ ಬಂದು ಗೋಡೆಯಾಚೆ ಬಗ್ಗಿ ನೋಡಿದರೆ ಬರೀ ಕಡ್ಡಿಗಳು, ಒಂದು ಎಲೆಯಿಲ್ಲ. ಅಳು ಬರಲಿಲ್ಲ. ಕೈಕಾಲಿಗೆ ಜೋಮು ಹಿಡಿಯುವುದು ಎಲ್ಲರಿಗೂ ಗೊತ್ತು, ಇವಳಿಗೆ ಮನಸ್ಸಿಗೇ ಹಿಡಿಯಿತು. ಕೊಡಲಿ ತಂದು ಕಣಗಿಲವನ್ನು ಬುಡಕ್ಕೆ ಕಡಿದಳು.

"ಯಾಕಕ್ಕಾ ಕಡದಿ?" ಅಂದಳು ಗೌಸಬೀ.

"ಹುಳ ಬಿದ್ದಿತ್ತು."

ಆಮೇಲೆ ರೊಟ್ಟಿ ಬಡಿದಳು, ಉಂಡಳು, ಕಸ ಹೊಡೆದಳು. ಉಪ್ಪು ಕಡಿಮೆಯೋ ಹೆಚ್ಚೋ ತಿಳಿಯಲಿಲ್ಲ. ಹೇಳಬೇಕು ಅನ್ನಿಸುತ್ತಿತ್ತು, ಬಾಯಿ ಮಾತ್ರ ಬೇರೆಯವರದ್ದಾಗಿತ್ತು. ಕಣಗಿಲಕ್ಕೆ ನೀರು ಹಾಕಲಿಲ್ಲ. ಹಾಳಾದ್ದು, ಕಡಿದರೆ ಸಾಯುವ ಜಾತಿಯೇ ಅದು? ಒಂದು ಬುಡಕ್ಕೆ ಹತ್ತು ಚಿಗುರು ಬಂದು, ಯುಗಾದಿಗೆ ಹಿಂದೆಂದೂ ಇಲ್ಲದಷ್ಟು ಹೂ ಬಿಟ್ಟಿತು.

ಒಂದು ಬೆಳಿಗ್ಗೆ ಗೌಸಬೀ ಹಿತ್ತಲಿಗೆ ಬಂದಳು. ಅವಳ ಹಿಂದೆಯೇ ಹೊಸ ಮರಿಗಳೆರಡು ಸೆರಗು ಜಗಿಯುತ್ತ ಬಂದವು.

"ಯಂಕಕ್ಕಾ, ಇಪ್ಪತ್ತು ಟೊಂಗಿ ಕೊಡು. ದೊಡ್ಡಿ ಸುತ್ತ ಬೇಲಿ ಹಚ್ತೀನಿ. ಆಡು ಇದನ್ನ ಮುಟ್ಟಂಗಿಲ್ಲಲ್ಲ? ಬೇಲಿ ಬೆಳದ್ರ ಆ ಹೇಮಪ್ಪನ ಗದ್ದಿ ಕಡಿ ಹಾಯೂದs ಬ್ಯಾಡ."

ಯಂಕವ್ವ ಕುಡುಗೋಲು ತಂದಳು. ಒಂದು ಟೊಂಗೆ ಕೊಯ್ದಳು. ಬಿಳಿ ಹಾಲು ಕೈಮೇಲೆ ಇಳಿಯಿತು. ಮರಿಯೊಂದು ಬಿದ್ದ ಟೊಂಗೆಯನ್ನು ಮೂಸಿತು. ಯಂಕವ್ವ ಥಟ್ಟನೆ ಟೊಂಗೆಯನ್ನು ಎತ್ತಿಕೊಂಡಳು.

"ಕೊಡಂಗಿಲ್ಲ."

"ಅಯ್ಯ! ಟೊಂಗಿ ಕೇಳಿದ್ರ ಬಂಗಾರ ಕೇಳಿದಂಗ ಮಾಡ್ತಿಯಲ್ಲ!"

"ಗೌಸಬೀ, ನಿನ್ನ ಆಡು ತಿಂದದ್ದು ಇದನ್ನs. ಬಾಡಿದ ತೊಪ್ಪಲ. ಗ್ವಾಡಿ ಆಚಿ ಒಗದಾಕಿ ನಾನು. ಹೇಮಪ್ಪಂದು ಏನೂ ತಪ್ಪಿಲ್ಲ."

ಗೌಸಬೀ ಮರಿಗಳನ್ನು ಎಳೆದು ಬಗಲಿಗೆ ಹಾಕಿಕೊಂಡಳು. ಬೈಗುಳ ಬರುತ್ತದೆ ಎಂದು ಯಂಕವ್ವ ಕಾದಳು. ಬೈದಿದ್ದರೆ ಎಷ್ಟೋ ಸಮಾಧಾನವಿತ್ತು.

"ಹೇಮಪ್ಪಣ್ಣಗ ನಾ ಅಂದದ್ದು ನೀ ಕೇಳಿದ್ದಿ."

"ಕೇಳಿದ್ದೆ."

"ಅವನ ಮೊಮ್ಮಗ ಹುಟ್ಟಿ ತಿಂಗಳಾತು. ಓಣಿಗೆಲ್ಲ ಪೇಢೆ ಹಂಚಿದ, ನನ್ನ ಬಾಗಿಲೊಂದು ಬಿಟ್ಟು. ನಿನಗ ಕೊಟ್ಟನಲ್ಲ?"

"ಕೊಟ್ಟ."

"ತಿಂದಿ?"

ಯಂಕವ್ವನಿಗೆ ಆ ಪೇಢೆ ನೆನಪಾಯಿತು. ಸಿಹಿಯೇ ಗೊತ್ತಾಗಿರಲಿಲ್ಲ.

"ತಿಂದೆ."

ಗೌಸಬೀ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಡಿ. ಅವನ ಬಾಗಿಲಿಗೆ ಇಬ್ಬರೂ ಹೋಗೂನು. ಮೊದಲು ನೀ ಹೇಳು, ಆಮ್ಯಾಲ ನಾ ಕಾಲು ಹಿಡೀತೀನಿ."

ಜೋಮು ಬಿಡುವಾಗಲೇ ನೋವು ಜಾಸ್ತಿ. ಯಂಕವ್ವನಿಗೆ ಐದು ತಿಂಗಳ ಅಳು ಒಮ್ಮೆಲೇ ಬಂತು. ಕೈಗೆ ಹತ್ತಿದ ಹಾಲು ಕಣ್ಣಿಗೆ ತಾಗೀತೆಂದು ಒರೆಸಿಕೊಳ್ಳದೆ, ಹಾಗೇ ಅಳುತ್ತ ಚಪ್ಪಲಿ ಮೆಟ್ಟಿಕೊಂಡಳು.